ನೆಲದ ತುಂಬ ಜೋಡಿಗಳು, ಪಟ್ಟಿಯಲ್ಲಿ ಒಬ್ಬಳೇ: ಒಂದು ಪ್ರೊ-ಆಮ್ ಆಯ್ಕೆಯ ಪ್ರಕರಣ

ನನ್ನ ಗೆಳತಿಯೊಬ್ಬಳು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದ ಮಗ್ಗುಲಲ್ಲಿದ್ದಾಳೆ. ನಲವತ್ತು ದಾಟಿದ ವಯಸ್ಸು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಹೈಸ್ಕೂಲಿಗೆ ಹೋಗುವ ಮಗ. ಮೈಸೂರಿನಲ್ಲಿ ಬೆಳೆಯುವಾಗ ಭರತನಾಟ್ಯ ಕಲಿತಿದ್ದಳು. ರಂಗಪ್ರವೇಶದ ಮಾತು ನಡೆದಿದ್ದಾಗಲೇ ಇಂಜಿನಿಯರಿಂಗ್ ಸೀಟು ಸಿಕ್ಕಿ ಎಲ್ಲ ಅಲ್ಲಿಗೇ ನಿಂತಿತು. ಕೊಲಂಬಸ್ಸಿನಲ್ಲಿ ಬಾಲ್‌ರೂಂ ನೃತ್ಯ ಹಿಡಿದು ಎರಡು ವರ್ಷವಾಗುವಷ್ಟರಲ್ಲಿ ಸ್ಪರ್ಧೆಗೆ ಇಳಿಯುವ ಮಾತು ಬಂತು. ಅವಳದು ಅಮೆರಿಕನ್ ಸ್ಮೂತ್ ಶೈಲಿ, ಅಂದರೆ ವಾಲ್ಟ್ಸ್, ಟ್ಯಾಂಗೋ, ಫಾಕ್ಸ್‌ಟ್ರಾಟ್, ವಿಯೆನ್ನೀಸ್ ವಾಲ್ಟ್ಸ್ ಎಂಬ ನಾಲ್ಕು ನೃತ್ಯ. ಹಂತ ಬ್ರಾಂಜ್, ಅಂದರೆ ಸಿಲ್ವರ್‌ಗಿಂತ ಕೆಳಗಿನ, ಆರಂಭದವರ ಹಂತ.

ಶಿಕ್ಷಕರು ಮೂರು ಸ್ಪರ್ಧೆಗಳ ಹೆಸರು ಕೊಟ್ಟರು. ವಸಂತದಲ್ಲಿ ಲಾಸ್ ಏಂಜಲೀಸ್‌ನ ಎಮರಾಲ್ಡ್ ಬಾಲ್, ನವೆಂಬರ್‌ನಲ್ಲಿ ಊರಲ್ಲೇ ನಡೆಯುವ ಒಹಾಯೋ ಸ್ಟಾರ್ ಬಾಲ್, ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನ ಹಾಲಿಡೇ ಡ್ಯಾನ್ಸ್ ಕ್ಲಾಸಿಕ್. ಗೆಳತಿ ಆ ವರ್ಷದ ಸ್ಪರ್ಧೆಗೆಂದು, ದಿನನಿತ್ಯದ ಪಾಠದ ಶುಲ್ಕ ಬಿಟ್ಟು, ಎತ್ತಿಟ್ಟಿದ್ದು ಆರು ಸಾವಿರ ಡಾಲರ್. ಮೊದಲನೆಯದಕ್ಕೆ ತಯಾರಿಯ ಸಮಯವೇ ಇರಲಿಲ್ಲ, ಅದು ತಾನಾಗಿ ಬಿದ್ದುಹೋಯಿತು. ಉಳಿದ ಎರಡಕ್ಕೂ ಹೋಗುವುದೋ, ಒಂದಕ್ಕೋ, ಅಥವಾ ಪಟ್ಟಿಯಲ್ಲೇ ಇಲ್ಲದ ಬೇರೆ ಯಾವುದಕ್ಕೋ ಎಂಬಲ್ಲಿ ನಾನು ಈ ಕಥೆಯೊಳಗೆ ಬಂದೆ. ಗುರುತು ಸಿಗಬಾರದೆಂದು ಅವಳ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ, ಮೊತ್ತಗಳನ್ನು ದುಂಡಾಗಿಸಿದ್ದೇನೆ.

ಪ್ರೊ-ಆಮ್ ಗೊತ್ತಿಲ್ಲದವರಿಗೆ ಎರಡು ಮಾತು. ವೃತ್ತಿಪರ ಶಿಕ್ಷಕ ಮತ್ತು ಹವ್ಯಾಸಿ ಶಿಷ್ಯೆ ಜೋಡಿಯಾಗಿ ಕುಣಿಯುತ್ತಾರೆ, ತೀರ್ಪುಗಾರರು ಅಳೆಯುವುದು ಶಿಷ್ಯೆಯನ್ನು ಮಾತ್ರ. ಶಿಕ್ಷಕರು ಹೆಂಗಸು, ಶಿಷ್ಯ ಗಂಡಸು ಆಗಿರುವುದೂ ಉಂಟು, ಆದರೆ ಶಿಷ್ಯರಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಜೋಡಿಗೆ ಸಿಗುವ ಹವ್ಯಾಸಿ ಗಂಡಸರು ಕಡಿಮೆ. ಖರ್ಚೆಲ್ಲ ಶಿಷ್ಯೆಯದು. ಆರ್ಥರ್ ಮರ್ರಿ, ಫ್ರೆಡ್ ಆಸ್ಟೇರ್ ಹೆಸರಿನ ಸರಣಿ ಸ್ಟುಡಿಯೋಗಳ ಜೊತೆಜೊತೆಗೇ ಈ ಪದ್ಧತಿ ಅಮೆರಿಕದಲ್ಲಿ ಬೇರೂರಿತು. ಆ ಸ್ಟುಡಿಯೋಗಳು ತಮ್ಮ ಶಿಷ್ಯರಿಗಾಗಿ ತಮ್ಮದೇ ಸ್ಪರ್ಧೆ ನಡೆಸುವುದರಿಂದ ಅಲ್ಲಿ ಕಲಿಯುವವರಿಗೆ ಆಯ್ಕೆಯ ತಲೆನೋವು ಅಷ್ಟಿಲ್ಲ. ಗೆಳತಿಯದು ಸ್ವತಂತ್ರ ಸ್ಟುಡಿಯೋ. ಅಂಥವರು ಹೋಗುವುದು ಬಹುಪಾಲು 1948ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಡ್ಯಾನ್ಸ್ ಕೌನ್ಸಿಲ್ ಆಫ್ ಅಮೆರಿಕದ (ಎನ್‌ಡಿಸಿಎ) ಮಾನ್ಯತೆ ಪಡೆದ ಸ್ಪರ್ಧೆಗಳಿಗೆ, ಅವು ವರ್ಷವಿಡೀ ಒಂದಲ್ಲ ಒಂದು ಊರಿನ ಹೋಟೆಲಿನಲ್ಲಿ ನಡೆಯುತ್ತಲೇ ಇರುತ್ತವೆ.

ಮೈಸೂರಿನಲ್ಲಿರುವ ಅವಳ ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳಿದಾಗ, "ಮೇಷ್ಟ್ರಿಗೆ ದುಡ್ಡೂ ಕೊಟ್ಟು, ಮೇಷ್ಟ್ರ ಜೊತೇಲೇ ಕುಣಿದು, ಬಹುಮಾನ ನೀನೇ ತಗೊಳ್ಳೋದಾ?" ಎಂದರಂತೆ. ಇಡೀ ಉದ್ಯಮವನ್ನು ಇಷ್ಟು ಚಿಕ್ಕದಾಗಿ ಬಣ್ಣಿಸಿದವರನ್ನು ನಾನು ನೋಡಿಲ್ಲ.

ಪಟ್ಟಿ ಯಾರ ಅನುಕೂಲಕ್ಕೆ

ಶಿಕ್ಷಕರ ಪಟ್ಟಿಯನ್ನು ಅನುಮಾನದಿಂದ ನೋಡಬೇಕಿಲ್ಲ, ಆದರೆ ಅದು ಹೇಗೆ ತಯಾರಾಗುತ್ತದೆ ಎಂದು ತಿಳಿದಿರಬೇಕು. ಗೆಳತಿಯ ಶಿಕ್ಷಕರು ಸ್ವತಃ ವೃತ್ತಿಪರ ವಿಭಾಗದಲ್ಲಿ ಸ್ಪರ್ಧಿಸುತ್ತಾರೆ. ತಮಗೆ ಬೇಕಾದ ತೀರ್ಪುಗಾರರು, ತಮ್ಮ ಮಟ್ಟದ ಎದುರಾಳಿಗಳು ಎಲ್ಲಿ ಸಿಗುತ್ತಾರೋ ಅಲ್ಲಿಗೇ ಶಿಷ್ಯೆಯರನ್ನೂ ಕರೆದೊಯ್ದರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ. ಇನ್ನೊಂದು, ಬಹುತೇಕ ದೊಡ್ಡ ಸ್ಪರ್ಧೆಗಳಲ್ಲಿ 'ಟಾಪ್ ಟೀಚರ್' ಎಂಬ ಬಹುಮಾನವಿದೆ. ಒಬ್ಬ ಶಿಕ್ಷಕರ ಶಿಷ್ಯೆಯರೆಲ್ಲ ಸೇರಿ ಎಷ್ಟು ಹೀಟ್ (ನೆಲಕ್ಕಿಳಿದು ಕುಣಿಯುವ ಒಂದೊಂದು ಸರದಿ) ಕುಣಿದರು, ಯಾವ ಸ್ಥಾನ ಪಡೆದರು ಎಂಬುದನ್ನು ಕೂಡಿ ಅಂಕ ಲೆಕ್ಕ ಹಾಕುತ್ತಾರೆ. ಹೆಚ್ಚು ಹೀಟ್, ಹೆಚ್ಚು ಅಂಕ. ಹೀಗಾಗಿ "ಇನ್ನೂ ನಾಲ್ಕು ಸೇರಿಸಿಬಿಡೋಣ, ಅಭ್ಯಾಸ ಆಗುತ್ತೆ" ಎಂಬ ಸಲಹೆ ಬರುವುದು ಸಹಜ. ಅದರಲ್ಲಿ ಸುಳ್ಳಿಲ್ಲ, ಅಭ್ಯಾಸ ಆಗಿಯೇ ಆಗುತ್ತದೆ. ಬಿಲ್ಲು ಮಾತ್ರ ಒಬ್ಬರ ಹೆಸರಿಗೆ ಬರುತ್ತದೆ.

ಹೀಟ್‌ಗಳು ಹೇಗೆ ಹೆಚ್ಚುತ್ತವೆ ಎಂಬುದನ್ನು ವೇಗಸ್‌ಗಾಗಿ ಕೊಟ್ಟ ಅಂದಾಜು ಪಟ್ಟಿಯಲ್ಲೇ ನೋಡಬಹುದಿತ್ತು. ಬ್ರಾಂಜ್ ಒಳಗೇ ಉಪಹಂತಗಳಿವೆ, ಅಕ್ಕಪಕ್ಕದ ಎರಡರಲ್ಲಿ ಕುಣಿಯಲು ಸಾಮಾನ್ಯವಾಗಿ ಬಿಡುತ್ತಾರೆ. ವಯಸ್ಸಿನ ಗುಂಪುಗಳಿವೆ, ತನ್ನ ಗುಂಪಿನ ಜೊತೆಗೆ ತನಗಿಂತ ಕಿರಿಯರ ಗುಂಪಿನಲ್ಲೂ ಹೆಸರು ಕೊಡಬಹುದು. ನಾಲ್ಕು ನೃತ್ಯ, ಎರಡು ಉಪಹಂತ, ಎರಡು ವಯೋಗುಂಪು ಎಂದರೆ 16 ಬಿಡಿ ಹೀಟ್. ಒಂದಕ್ಕೆ ಸುಮಾರು 50 ಡಾಲರ್‌ನಂತೆ 800. ಮೂರು-ನಾಲ್ಕು ನೃತ್ಯಗಳನ್ನು ಒಟ್ಟಿಗೆ ಅಳೆಯುವ ಮಲ್ಟಿ-ಡ್ಯಾನ್ಸ್ ಎರಡು, 240. ಶಿಕ್ಷಕರ ದಿನಗೂಲಿ ಎರಡು ದಿನಕ್ಕೆ 800. ಅವರ ವಿಮಾನ, ಕೋಣೆ, ಊಟದಲ್ಲಿ ಇವಳ ಪಾಲು 500. ಇವಳ ಹೋಟೆಲ್ ಮತ್ತು ಪ್ರವೇಶದ ಪ್ಯಾಕೇಜ್ 900, ವಿಮಾನ 350. ಕೂದಲು, ಮೇಕಪ್ 300. ಗೌನ್ ಬಾಡಿಗೆ 400. ಕೂಡಿದರೆ 4,290. ಒಂದು ಹೀಟ್‌ನಲ್ಲಿ ಸಂಗೀತ ನಡೆಯುವುದು ಒಂದೂಕಾಲು, ಒಂದೂವರೆ ನಿಮಿಷ. ನಿಮಿಷಕ್ಕೆ ಎಷ್ಟು ಬಿತ್ತು ಎಂದು ಅವಳ ಗಂಡ ಲೆಕ್ಕ ಹಾಕಲು ಹೊರಟಾಗ ಅವಳೇ ತಡೆದಳು.

ಹೀಟ್ ಪಟ್ಟಿ ಓದುವ ವಿದ್ಯೆ

ನಾನು ಅವಳಿಗೆ ಮೊದಲು ಹೇಳಿದ್ದು, ಸ್ಪರ್ಧೆಯ ಫೋಟೋ ನೋಡಬೇಡ, ಹೋದ ವರ್ಷದ ಹೀಟ್ ಪಟ್ಟಿ ತೆಗೆ ಎಂದು. ಎನ್‌ಡಿಸಿಎ ಪ್ರೀಮಿಯರ್, ಕಾಂಪ್ ಮ್ಯಾನೇಜರ್ ಮುಂತಾದ ವ್ಯವಸ್ಥೆಗಳಲ್ಲಿ ಹಳೆಯ ಸ್ಪರ್ಧೆಗಳ ಪಟ್ಟಿ ಮತ್ತು ಫಲಿತಾಂಶ ಜಾಲತಾಣದಲ್ಲೇ ಇರುತ್ತವೆ. ಬಹಳಷ್ಟು ಶಿಷ್ಯೆಯರು ಇವನ್ನು ತೆರೆಯುವುದು ತಮ್ಮ ಹೆಸರು ಹುಡುಕಲು ಮಾತ್ರ. ಸ್ಪರ್ಧೆಗೆ ಹೆಸರು ಕೊಡುವ ಮೊದಲೇ ಇವನ್ನು ಓದಬೇಕು ಎಂಬುದು ಈ ಪ್ರಕರಣದಲ್ಲಿ ನನ್ನ ಮುಖ್ಯ ವಾದ.

ಕಾರಣವಿದೆ. ಅಮೆರಿಕದ ಪ್ರೊ-ಆಮ್‌ನಲ್ಲಿ ಒಂದು ಹೀಟ್ ಎಂದು ಕರೆದಾಗ ನೆಲದ ಮೇಲೆ ಎಂಟು ಹತ್ತು ಜೋಡಿ ಇಳಿಯಬಹುದು. ನೋಡುವವರಿಗೆ ಭಾರಿ ಪೈಪೋಟಿ. ಆದರೆ ಸಮಯ ಉಳಿಸಲು ಸಂಘಟಕರು ಹಲವು ವಿಭಾಗಗಳನ್ನು ಒಂದೇ ಸಂಗೀತಕ್ಕೆ ಸೇರಿಸಿರುತ್ತಾರೆ. ಒಬ್ಬಳು ಬ್ರಾಂಜ್, ಪಕ್ಕದವಳು ಸಿಲ್ವರ್, ಅದರಾಚೆಯ ಅಜ್ಜಿ ಬೇರೆ ವಯೋಗುಂಪು. ತೀರ್ಪುಗಾರರ ಹಾಳೆಯಲ್ಲಿ ಇವರೆಲ್ಲ ಬೇರೆ ಬೇರೆ ಸಾಲು. ನಿಮ್ಮ ಸಾಲಿನಲ್ಲಿ ನೀವೊಬ್ಬರೇ ಇದ್ದರೆ ಮೊದಲ ಸ್ಥಾನ ನಿಮ್ಮದೇ ಎಂಬುದು ಸಾಮಾನ್ಯ. ನೆಲದಿಂದ ಇಳಿದು ಬಂದವಳಿಗೆ ಹತ್ತು ಜನರನ್ನು ಸೋಲಿಸಿದ ಭಾವನೆ, ಪಟ್ಟಿಯಲ್ಲಿ ಅವಳು ಯಾರ ಜೊತೆಗೂ ಸೆಣಸಿಯೇ ಇಲ್ಲ. ಊರಿನ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಂಟು ಮೊದಲ ಸ್ಥಾನದ ಫೋಟೋ ಬಂದರೆ ನಾನು ಖುಷಿಯಿಂದ ಲೈಕ್ ಒತ್ತುತ್ತೇನೆ, ಆಮೇಲೆ ಪಟ್ಟಿ ನೋಡುತ್ತೇನೆ. ದುರಭ್ಯಾಸ, ಇರಲಿ.

ಗೆಳತಿ ಒಂದು ಶನಿವಾರ ಕೂತು ತನ್ನ ಹಂತ, ತನ್ನ ವಯೋಗುಂಪು, ಸ್ಮೂತ್ ಶೈಲಿ ಇವಿಷ್ಟನ್ನೇ ಹಿಡಿದು ಹಲವು ಸ್ಪರ್ಧೆಗಳ ಹಿಂದಿನ ಪಟ್ಟಿ ಜಾಲಾಡಿದಳು. ಟೆಸ್ಟಿಂಗ್ ಕೆಲಸದವಳು, ಸ್ಪ್ರೆಡ್‌ಶೀಟ್ ಇಲ್ಲದೆ ಉಸಿರಾಡುವುದಿಲ್ಲ. ಕಾರಿನಲ್ಲಿ ಎರಡರಿಂದ ನಾಲ್ಕು ಗಂಟೆಯೊಳಗೆ ಮುಟ್ಟಬಹುದಾದ ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್, ಡೆಟ್ರಾಯ್ಟ್, ಇಂಡಿಯಾನಾಪೊಲಿಸ್ ಸುತ್ತಿನ ಚಿಕ್ಕ ಸ್ಪರ್ಧೆಗಳನ್ನೂ ಸೇರಿಸಿದಳು. ಚಿಕ್ಕವುಗಳಲ್ಲಿ ಬಿಡಿ ಹೀಟ್‌ಗಳು ಬಹುಪಾಲು ಒಬ್ಬರದ್ದು, ಇಬ್ಬರದ್ದು. ಮಲ್ಟಿ-ಡ್ಯಾನ್ಸ್‌ನಲ್ಲಿ ಮಾತ್ರ ನಾಲ್ಕೈದು ಹೆಸರು. ಒಹಾಯೋ ಸ್ಟಾರ್ ಬಾಲ್‌ನಲ್ಲಿ ಮಲ್ಟಿ-ಡ್ಯಾನ್ಸ್ ಫೈನಲ್‌ಗೆ ಮೊದಲು ಸೆಮಿಫೈನಲ್ ನಡೆಸಬೇಕಾಗುವಷ್ಟು ಜನ. ಡೆಟ್ರಾಯ್ಟ್ ಕಡೆಯ ಒಂದು ಬೇಸಿಗೆ ಸ್ಪರ್ಧೆಯ ಆ ನಾಲ್ಕೈದು ಹೆಸರುಗಳಲ್ಲಿ ಮೂರು, ನವೆಂಬರ್‌ನ ಒಹಾಯೋ ಪಟ್ಟಿಯಲ್ಲೂ ಇದ್ದವು. ಇದು ಅವಳೇ ಹುಡುಕಿದ್ದು, ನನಗೆ ಹೊಳೆದಿರಲಿಲ್ಲ.

ಸಂಖ್ಯೆ ಯಾಕೆ ಮುಖ್ಯ ಎಂದರೆ, ಅಂಕ ಹಾಕುವ ರೀತಿಯೇ ಹಾಗಿದೆ. ಜನ ಹೆಚ್ಚಿದ್ದಾಗ ಮೊದಲ ಸುತ್ತುಗಳಲ್ಲಿ ತೀರ್ಪುಗಾರರು ಸ್ಥಾನ ಕೊಡುವುದಿಲ್ಲ, "ಇವರನ್ನು ಮತ್ತೆ ಕರೆಯಿರಿ" ಎಂದು ಗುರುತು ಹಾಕುತ್ತಾರೆ ಅಷ್ಟೆ. ಫೈನಲ್‌ನಲ್ಲಿ ಸಾಮಾನ್ಯವಾಗಿ ಆರು ಜೋಡಿ, ಅಲ್ಲಿ 1ರಿಂದ 6ರವರೆಗೆ ಸ್ಥಾನ. ಈ ಸ್ಥಾನಗಳಿಂದ ಫಲಿತಾಂಶ ತೆಗೆಯುವ 'ಸ್ಕೇಟಿಂಗ್' ಎಂಬ ಪದ್ಧತಿಯಲ್ಲಿ ಸರಾಸರಿ ತೆಗೆಯುವುದಿಲ್ಲ, ಬಹುಮತ ನೋಡುತ್ತಾರೆ. ಐದು ತೀರ್ಪುಗಾರರು ಒಬ್ಬಳಿಗೆ 2, 3, 3, 4, 6 ಕೊಟ್ಟರೆಂದುಕೊಳ್ಳಿ, ಮೂರನೆಯ ಸ್ಥಾನ ಅಥವಾ ಅದಕ್ಕಿಂತ ಮೇಲೆ ಎಂದವರು ಮೂವರು, ಅದೇ ಬಹುಮತ. ಆ ಒಂದು 6 ಅವಳನ್ನು ಕೆಳಗೆಳೆಯುವುದಿಲ್ಲ. ಇಂಥ ಹಾಳೆಯಿಂದ ಕಲಿಯುವುದಕ್ಕೆ ಬಹಳಷ್ಟಿದೆ: ಯಾವ ನೃತ್ಯದಲ್ಲಿ ಗುರುತು ಕಡಿಮೆ, ಯಾವುದರಲ್ಲಿ ತೀರ್ಪುಗಾರರು ಒಮ್ಮತದಲ್ಲಿದ್ದಾರೆ, ಎಲ್ಲಿ ಚದುರಿದ್ದಾರೆ. ಒಬ್ಬರೇ ಇರುವ ಹೀಟ್‌ನ ಹಾಳೆಯಲ್ಲಿ 1, 1, 1, 1, 1 ಎಂದಿರುತ್ತದೆ. ಅದನ್ನು ಚೌಕಟ್ಟು ಹಾಕಿಸಬಹುದು, ಅದರಿಂದ ಕಲಿಯುವುದು ಏನೂ ಇಲ್ಲ.

ರಂಗಪ್ರವೇಶದ ಆಸೆ

ಇಷ್ಟೆಲ್ಲ ತಿಳಿದ ಮೇಲೂ ಅವಳ ಮನಸ್ಸು ನವೆಂಬರ್ ಒಂದರ ಮೇಲೇ ಇತ್ತು. ಒಹಾಯೋ ಸ್ಟಾರ್ ಬಾಲ್ ಎಂದರೆ ಸಣ್ಣ ಹೆಸರಲ್ಲ. ಪಿಬಿಎಸ್ ವಾಹಿನಿ 2006ರಲ್ಲಿ ಆರಂಭಿಸಿದ 'ಅಮೆರಿಕಾಸ್ ಬಾಲ್‌ರೂಂ ಚಾಲೆಂಜ್' ಚಿತ್ರೀಕರಣವಾದದ್ದು ಅಲ್ಲೇ. ಊರಿನವರನ್ನೆಲ್ಲ ಕರೆಯಬಹುದು, ಗಂಡ ಮಗ ಮುಂದಿನ ಸಾಲಿನಲ್ಲಿ ಕೂರಬಹುದು, ಹಗಲೆಲ್ಲ ಕುಣಿದು ಅದೇ ರಾತ್ರಿ ಅದೇ ನೆಲದ ಮೇಲೆ ದೇಶದ ಮೇಲಿನ ಸಾಲಿನ ವೃತ್ತಿಪರರನ್ನು ನೋಡಬಹುದು. ಮೈಸೂರಿನಲ್ಲಿ ತಪ್ಪಿದ್ದು ಕೊಲಂಬಸ್ಸಿನಲ್ಲಿ ಆಗಲಿ ಎಂಬ ಆಸೆ ಮಾತಿನಲ್ಲಿ ಕಾಣುತ್ತಿತ್ತು. ವರ್ಷವಿಡೀ ತಯಾರಿ, ಒಂದು ಸಂಜೆ, ಒಂದು ವೇದಿಕೆ.

ನಾನು ಒಪ್ಪಲಿಲ್ಲ. ರಂಗಪ್ರವೇಶದಲ್ಲಿ ವೇದಿಕೆ ಒಬ್ಬಳದು, ಎರಡು ಎರಡೂವರೆ ಗಂಟೆ ಅವಳದು. ಅಲಾರಿಪುವಿನಲ್ಲಿ ಉಸಿರು ಹತ್ತಿದರೆ ವರ್ಣದ ಹೊತ್ತಿಗೆ ಹಿಡಿತ ಸಿಗುತ್ತದೆ. ಇಲ್ಲಿ ಒಂದೂವರೆ ನಿಮಿಷ, ಅಷ್ಟರಲ್ಲಿ ಇತರ ಜೋಡಿಗಳ ನಡುವೆ ದಾರಿ ಹುಡುಕಬೇಕು. ಎಲ್ಲರೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನೆಲ ಸುತ್ತುತ್ತಾರೆ. ಯಾರೋ ಮೂಲೆಯಲ್ಲಿ ನಿಂತುಬಿಡುತ್ತಾರೆ, ಇನ್ಯಾರೋ ಹಿಂದಿನಿಂದ ಬರುತ್ತಾರೆ, ಶಿಕ್ಷಕರು ಕ್ಷಣದಲ್ಲಿ ಹೆಜ್ಜೆ ಬದಲಿಸುತ್ತಾರೆ, ಶಿಷ್ಯೆ ಅದಕ್ಕೆ ಒಗ್ಗಬೇಕು. ಕಲಿತ ಸಾಲನ್ನು ಒಪ್ಪಿಸುವ ಮನಸ್ಸಿನವರು ಇಲ್ಲಿ ಕಂಗಾಲಾಗುತ್ತಾರೆ. ಮೊದಲ ಸಲ ಈ ಅನುಭವ ಸೆಮಿಫೈನಲ್ ಇರುವ ಕಡೆ ಆಗಬಾರದು.

ಭರತನಾಟ್ಯದ ಮೈ ಇನ್ನೊಂದು ಲೆಕ್ಕ. ತಾಳ ಅವಳಿಗೆ ಹೇಳಿಕೊಡಬೇಕಿರಲಿಲ್ಲ, ವಾಲ್ಟ್ಸ್‌ನ ಮೂರರ ಎಣಿಕೆ ತಿಶ್ರದಷ್ಟೇ ಸಲೀಸು. ಬೆನ್ನು ನೆಟ್ಟಗಿತ್ತು. ಕಾಲೇ ತೊಡಕು. ಅರೆಮಂಡಿಯಲ್ಲಿ ಮಂಡಿ, ಪಾದ ಹೊರಗೆ ತಿರುಗಿರುತ್ತವೆ, ಪಾದ ನೆಲವನ್ನು ತಟ್ಟುತ್ತದೆ. ಸ್ಮೂತ್‌ನಲ್ಲಿ ಪಾದ ಮುಂದಕ್ಕೆ ನೋಡಬೇಕು, ಮುಂದಿನ ನಡೆಗೆ ಹಿಮ್ಮಡಿ ಮೊದಲು ತಾಗಿ ಭಾರ ಸದ್ದಿಲ್ಲದೆ ಉರುಳಬೇಕು. ಬ್ರಾಂಜ್ ವಾಲ್ಟ್ಸ್‌ನಲ್ಲಿ ಮೂರನೆಯ ಎಣಿಕೆಗೆ ಪಾದಗಳು ಕೂಡಬೇಕು, ಒಂದನ್ನೊಂದು ದಾಟಿ ಹೋಗುವ ಚಲನೆ ಸಿಲ್ವರ್ ಹಂತದ್ದು. ಇವಳಿಗೆ ಗಾಬರಿಯಾದಾಗೆಲ್ಲ ಬೆರಳು ಹೊರಗೆ ತಿರುಗುತ್ತಿತ್ತು, ಕೂಡಬೇಕಾದ ಪಾದ ತಟ್ಟುತ್ತಿತ್ತು. ಸ್ಟುಡಿಯೋದಲ್ಲಿ ಕಾಣದ ಈ ಹಳೆಯ ರೂಢಿ ಒತ್ತಡದಲ್ಲಿ ಹೊರಬರುತ್ತದೆ. ಒಮ್ಮೆ ಒತ್ತಡದಲ್ಲಿ ಕುಣಿದು, ವಿಡಿಯೋ ನೋಡಿ, ತಿದ್ದಿಕೊಂಡು, ಮತ್ತೆ ಕುಣಿಯಲು ಸಾಕಷ್ಟು ವಾರ ಬೇಕು. ನವೆಂಬರ್ ಆದ ಕೂಡಲೇ ಡಿಸೆಂಬರ್‌ನ ವೇಗಸ್ ಎಂದರೆ ಅದೇ ತಪ್ಪನ್ನು ದುಬಾರಿ ಗೌನಿನಲ್ಲಿ ಮತ್ತೊಮ್ಮೆ ತೋರಿಸಿದಂತೆ.

ತೀರ್ಮಾನ, ಮತ್ತು ಶಿಕ್ಷಕರ ಜೊತೆ ಮಾತು

ಕೊನೆಗೆ ಆದದ್ದು ಇದು. ವೇಗಸ್ ಬೇಡ. ಆಗಸ್ಟ್‌ನಲ್ಲಿ ಡೆಟ್ರಾಯ್ಟ್ ಕಡೆಯ ಆ ಚಿಕ್ಕ ಸ್ಪರ್ಧೆ, ಒಂದೇ ಉಪಹಂತ, ಒಂದೇ ವಯೋಗುಂಪು, ನಾಲ್ಕು ಬಿಡಿ ನೃತ್ಯ, ಒಂದು ಮಲ್ಟಿ-ಡ್ಯಾನ್ಸ್. ನವೆಂಬರ್‌ನಲ್ಲಿ ಒಹಾಯೋ ಸ್ಟಾರ್ ಬಾಲ್‌ನಲ್ಲಿ ಅಷ್ಟೇ. ದೊಡ್ಡ ಸ್ಪರ್ಧೆಗಳಲ್ಲಿ ಶೈಲಿಗೊಂದು ದಿನ ಮೀಸಲಿಡುವುದರಿಂದ ಸ್ಮೂತ್ ಮಾತ್ರ ಕುಣಿಯುವವಳಿಗೆ ಒಂದು ದಿನ ಸಾಕು, ಮನೆಯಿಂದಲೇ ಹೋಗಿಬರಬಹುದು. ಬಾಡಿಗೆಗೆ ಬದಲು ಬಳಸಿದ ಗೌನ್ ಒಂದನ್ನು 1,100 ಡಾಲರ್‌ಗೆ ಕೊಂಡಳು, ಆಮೇಲೆ ಮಾರಬಹುದೆಂದು. ಡೆಟ್ರಾಯ್ಟ್‌ಗೆ 1,120, ಒಹಾಯೋಗೆ ಸುಮಾರು 1,000. ಒಟ್ಟು 3,220. ಉಳಿದದ್ದನ್ನು ಆಗಸ್ಟ್ ಮತ್ತು ನವೆಂಬರ್ ನಡುವಿನ ಹೆಚ್ಚುವರಿ ಪಾಠಕ್ಕೆ, ಸ್ಟುಡಿಯೋಗೆ ಬಂದುಹೋಗುವ ಹೊರಗಿನ ತರಬೇತುದಾರರ ಕೋಚಿಂಗ್‌ಗೆ ಇಟ್ಟಳು. ನನಗೆ ಕೇಳಿದರೆ ಇಡೀ ಯೋಜನೆಯಲ್ಲಿ ಚೆನ್ನಾಗಿ ಖರ್ಚಾದ ಹಣ ಈ ಉಳಿದದ್ದೇ.

ಶಿಕ್ಷಕರಿಗೆ ಹೇಳುವುದು ಕಷ್ಟವಾಯಿತು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಆದರೂ ಗುರು. ಮೈಸೂರಿನಲ್ಲಿ ಬೆಳೆದ ಹುಡುಗಿಗೆ ಗುರುವಿನ ಪಟ್ಟಿ ತಿದ್ದುವುದು ಸುಲಭವಲ್ಲ. ಸ್ಪ್ರೆಡ್‌ಶೀಟ್ ಮುಂದಿಟ್ಟು, "ಈ ಮೂವರ ಜೊತೆ ಎರಡು ಸಲ ಕುಣಿಯಬೇಕು ನನಗೆ" ಎಂದಳಂತೆ. ಹಣದ ಮಾತು ಎತ್ತಲೇ ಇಲ್ಲ. ಅದು ಕೆಲಸ ಮಾಡಿತು, ಏಕೆಂದರೆ ಸ್ಪರ್ಧಿಯಾದವರಿಗೆ ಎದುರಾಳಿಯ ಮಾತು ಅರ್ಥವಾಗುತ್ತದೆ. ಡೆಟ್ರಾಯ್ಟ್‌ಗೆ ಇನ್ನೂ ನಾಲ್ಕು ಶಿಷ್ಯೆಯರನ್ನು ಅವರೇ ಹೊರಡಿಸಿದರು, ಪ್ರಯಾಣದ ಪಾಲು 100 ಡಾಲರ್‌ಗೆ ಇಳಿಯಿತು. ಬಿಡಿ ಹೀಟ್‌ಗಳನ್ನು ಎಂಟು ಮಾಡೋಣ ಎಂದು ಒಮ್ಮೆ ಕೇಳಿ ಸುಮ್ಮನಾದರು.

ಆದದ್ದು

ಆಗಸ್ಟ್‌ನಲ್ಲಿ ಬಿಡಿ ನೃತ್ಯಗಳಲ್ಲಿ ಮೂರು ಮೊದಲ ಸ್ಥಾನ ಬಂದವು. ಮೂರರಲ್ಲೂ ಅವಳೊಬ್ಬಳೇ, ಅದು ಹೋಗುವ ಮೊದಲೇ ಗೊತ್ತಿತ್ತು. ಮಲ್ಟಿ-ಡ್ಯಾನ್ಸ್‌ನಲ್ಲಿ ಐವರಲ್ಲಿ ನಾಲ್ಕನೆಯವಳು. ಆ ಮೂವರೂ ಮುಂದೆ. ವಿಡಿಯೋದಲ್ಲಿ ಪಾದದ ಕಥೆ ನಿರೀಕ್ಷಿಸಿದಂತೆಯೇ ಇತ್ತು, ಜೊತೆಗೆ ನಿರೀಕ್ಷಿಸದ್ದು ಒಂದು: ಯಾವುದಾದರೂ ಜೋಡಿ ಹತ್ತಿರ ಬಂದರೆ ಅವಳ ಎಡ ಮೊಣಕೈ ಕುಸಿದು, ಶಿಕ್ಷಕರ ತೋಳಿನ ಮೇಲಿದ್ದ 'ಚೌಕಟ್ಟು', ಅಂದರೆ ಜೋಡಿಯ ತೋಳುಗಳು ಸೇರಿ ಹಿಡಿದಿಡುವ ಆಕಾರ, ಮುದುಡುತ್ತಿತ್ತು. ಮುಂದಿನ ಪಾಠಗಳೆಲ್ಲ ಅದರ ಸುತ್ತಲೇ ನಡೆದವು. ಸ್ಟುಡಿಯೋದಲ್ಲಿ ಬೇರೆ ಜೋಡಿಗಳಿರುವ ಗದ್ದಲದ ಹೊತ್ತನ್ನೇ ಬೇಕೆಂದು ಆರಿಸಿಕೊಂಡು ಅಭ್ಯಾಸ ಮಾಡಿದಳು.

ನವೆಂಬರ್‌ನಲ್ಲಿ ಮಲ್ಟಿ-ಡ್ಯಾನ್ಸ್ ಸೆಮಿಫೈನಲ್ ದಾಟಲಿಲ್ಲ. ಗಂಡನಿಗೆ ಬೇಸರವಾಯಿತು, ಮಗ ಪೂರ್ತಿ ಹೊತ್ತು ಫೋನ್ ನೋಡುತ್ತಿದ್ದ. ಅವಳು ಮಾತ್ರ ಅಂದು ರಾತ್ರಿ ಹಾಳೆ ತೆರೆದು ಕೂತಳು. ಫಾಕ್ಸ್‌ಟ್ರಾಟ್‌ನಲ್ಲಿ ಹೆಚ್ಚಿನ ತೀರ್ಪುಗಾರರು ಮತ್ತೆ ಕರೆಯಿರಿ ಎಂದಿದ್ದರು, ಟ್ಯಾಂಗೋದಲ್ಲಿ ಅರ್ಧಕ್ಕೆ ಹತ್ತಿರ, ವಾಲ್ಟ್ಸ್‌ನಲ್ಲಿ ತೀರಾ ಕಡಿಮೆ. ತನಗೆ ಅತಿ ಸುಲಭ ಎಂದುಕೊಂಡಿದ್ದ ನೃತ್ಯವೇ ಅವಳನ್ನು ಹೊರಗಿಟ್ಟಿತ್ತು. ತಾಳ ಸಲೀಸಾಗಿದ್ದರಿಂದ ಪಾದದ ಕಡೆ ಗಮನ ಕೊಡದೆ ಬಿಟ್ಟದ್ದು ಅಲ್ಲೇ. ಡೆಟ್ರಾಯ್ಟ್‌ನ ಮೂವರಲ್ಲಿ ಒಬ್ಬಳು ಫೈನಲ್ ಸೇರಿದಳು, ಇನ್ನೊಬ್ಬಳು ಇವಳ ಜೊತೆ ಹೊರಬಿದ್ದಳು, ಆಕೆಗಿಂತ ಇವಳ ಒಟ್ಟು ಗುರುತು ಒಂದು ಹೆಚ್ಚು. ಮೂರನೆಯವಳು ಆ ವರ್ಷ ಬರಲೇ ಇಲ್ಲ. ಹಳೆಯ ಪಟ್ಟಿ ಹೇಳುವುದು ಹೋದ ವರ್ಷದ ಮಾತನ್ನು, ಈ ವರ್ಷ ಯಾರು ಬರುತ್ತಾರೆಂದು ಅದು ಬರೆದುಕೊಟ್ಟಿರುವುದಿಲ್ಲ.

ಈ ವಿಧಾನ ಎಲ್ಲರಿಗೂ ಒಗ್ಗಬೇಕೆಂದಿಲ್ಲ. ವೇಗಸ್‌ಗೆ ಹೋಗಿ ಒಳ್ಳೆಯ ಗೌನ್ ತೊಟ್ಟು ಹದಿನಾರು ಹೀಟ್ ಕುಣಿದು ಸಂಭ್ರಮಿಸುವವರಿಗೆ ನನ್ನ ತಕರಾರಿಲ್ಲ, ಅದು ರಜೆ, ರಜೆಗೆ ಜನ ದುಡ್ಡು ಕೊಡುತ್ತಾರೆ. ಒಂದೇ ಬಿಲ್ಲಿನಲ್ಲಿ ರಜೆಯೂ ಪರೀಕ್ಷೆಯೂ ಬರಲಿ ಎಂದುಕೊಂಡಾಗ ಗೊಂದಲ ಶುರುವಾಗುತ್ತದೆ.

ಈಗ ಮುಂದಿನ ವರ್ಷದ ಸಮಸ್ಯೆ ಬೇರೆ. ಅದೇ ಶಿಕ್ಷಕರ ಬಳಿ ಅದೇ ವಯೋಗುಂಪಿನ, ಅದೇ ಹಂತದ ಹೊಸ ಶಿಷ್ಯೆ ಬಂದಿದ್ದಾಳೆ. ಒಬ್ಬ ಶಿಕ್ಷಕರು ಒಂದೇ ಹೀಟ್‌ನಲ್ಲಿ ಇಬ್ಬರ ಜೊತೆ ಕುಣಿಯಲಾಗದು. ಒಬ್ಬಳು ಸಿಲ್ವರ್‌ಗೆ ಏರಬೇಕು, ಇಲ್ಲವೇ ಇಬ್ಬರೂ ಸ್ಪರ್ಧೆ ಹಂಚಿಕೊಳ್ಳಬೇಕು. ವಾಲ್ಟ್ಸ್‌ನ ಪಾದ ಸರಿಯಾಗುವವರೆಗೆ ಸಿಲ್ವರ್ ಬೇಡ ಎಂದು ಗೆಳತಿ ಹಟ ಹಿಡಿದಿದ್ದಾಳೆ. ಹೊಸಬಳಿಗೆ ವೇಗಸ್ ಇಷ್ಟ. ಹಾಗಾಗಿ ನವೆಂಬರ್ ಇವಳಿಗೆ, ಡಿಸೆಂಬರ್ ಅವಳಿಗೆ ಎಂದು ಶಿಕ್ಷಕರೇ ಇತ್ಯರ್ಥ ಮಾಡಿದ್ದಾರೆ. ಆಗಸ್ಟ್ ಯಾರದ್ದು ಎಂಬುದು ಇನ್ನೂ ತೀರ್ಮಾನವಾಗಿಲ್ಲ, ಇಂಡಿಯಾನಾಪೊಲಿಸ್ ಕಡೆಯ ಪಟ್ಟಿಗಳನ್ನು ಗೆಳತಿ ಮತ್ತೆ ತೆರೆದಿದ್ದಾಳೆ.